ಮಲಪ್ರಭೆಯಿಂದ ಮಾಂಡವಿಗೆ

ರಾಮದುರ್ಗದ ಮಗ್ಗುಲಲ್ಲಿ ಹರಿಯುವ ಮಲಪ್ರಭೆಯ ದಂಡೆ ಹಿಡಿದು ಪ್ರವಾಹಕ್ಕೆ ಎದುರಾಗಿ ಹೊರಟವರು ಮೊದಲು ಸವದತ್ತಿಯ ನವಿಲುತೀರ್ಥವನ್ನು ಕಾಣುತ್ತಾರೆ. ಅಲ್ಲಿಂದ ಮುಂದೆ ಬೈಲಹೊಂಗಲದ ಎರೆಹೊಲಗಳನ್ನು ಬಳಸಿ, ಎಂ. ಕೆ. ಹುಬ್ಬಳ್ಳಿಯ ಬಳಿ ಕಿತ್ತೂರನ್ನು ಎಡಕ್ಕೆ ಬಿಟ್ಟು, ಖಾನಾಪುರವನ್ನು ದಾಟಿ, ಕಡೆಗೆ ಕಣಕುಂಬಿಯೆಂಬ ಮಲೆನಾಡಿನ ಹಳ್ಳಿಗೆ ಬಂದು ನಿಲ್ಲುತ್ತಾರೆ. ಸಮುದ್ರಮಟ್ಟದಿಂದ ಸುಮಾರು 790 ಮೀಟರು ಎತ್ತರದಲ್ಲಿರುವ ಈ ಹಳ್ಳಿಯಲ್ಲಿ ನಮ್ಮ ಹೊಳೆ ಹುಟ್ಟುತ್ತದೆ. ಇದೇ ಖಾನಾಪುರ ತಾಲೂಕಿನ ಕಾಡಿನಲ್ಲಿ ಇನ್ನೊಂದು ಹೊಳೆಯೂ ಹುಟ್ಟುತ್ತದೆ. ಅದರ ಹೆಸರು ಮಹದಾಯಿ. ಮಲಪ್ರಭೆ ಮೂಡಣಕ್ಕೆ ಮುಖಮಾಡಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿದರೆ, ಮಹದಾಯಿ ಪಡುವಣಕ್ಕೆ ಘಟ್ಟವಿಳಿದು, ಗೋವೆಯಲ್ಲಿ ಮಾಂಡವಿಯೆನಿಸಿಕೊಂಡು, ಹಳೆಯ ಗೋವೆ ಮತ್ತು ಪಣಜಿ ಎಂಬ ಎರಡು ರಾಜಧಾನಿಗಳ ಪಕ್ಕದಲ್ಲಿ ಹಾಯ್ದು ಸಮುದ್ರದ ಪಾಲಾಗುತ್ತದೆ.

ಈ ಎರಡು ಹೊಳೆಗಳ ನಡುವಿನ ದಾರಿ ಈಗ ಒಂದೇ ದಿನದ್ದು. ಬೆಳಗಿನ ಚಹಾ ಬೈಲಹೊಂಗಲದಲ್ಲಿ ಕುಡಿದವರು ಮಧ್ಯಾಹ್ನದ ಊಟಕ್ಕೆ ಪಣಜಿಯಲ್ಲಿರಬಹುದು. ಆದರೆ 1961ರ ಡಿಸೆಂಬರಿನವರೆಗೆ ಇದು ಪರದೇಶಕ್ಕೆ ಹೋಗುವ ದಾರಿಯಾಗಿತ್ತು. ಘಟ್ಟದಾಚೆಗೆ ಕಚೇರಿಯ ಭಾಷೆ ಪೋರ್ತುಗೀಜ್. ನಾಣ್ಯ ಬೇರೆ, ಕಾಯಿದೆ ಬೇರೆ, ಪೋಲೀಸರ ಟೋಪಿಯೂ ಬೇರೆ. ಯುರೋಪಿನ ನುಡಿಯಾಡುವ ಪಟ್ಟಣಗಳನ್ನು ನೋಡಬೇಕೆಂದರೆ ನಮ್ಮ ಜಿಲ್ಲೆಯವರು ಹಡಗು ಹತ್ತಬೇಕಾಗಿರಲಿಲ್ಲ; ಘಟ್ಟ ಇಳಿದರೆ ಸಾಕಾಗಿತ್ತು. ಈಗ ನಮ್ಮ ಕಡೆಯಿಂದ ಗೋವೆಗೆ ಹೋಗುವ ಬಹುಜನರು ಸಮುದ್ರದ ದಂಡೆಯನ್ನು ನೋಡಿ ಮರಳುತ್ತಾರೆ. ಅದು ತಪ್ಪಲ್ಲ. ಆದರೆ ದಾರಿಯಲ್ಲಿಯೇ ಬಿದ್ದಿರುವ ಒಂಬೈನೂರು ವರ್ಷಗಳ ಇತಿಹಾಸವನ್ನು ಮೋಟಾರಿನ ಕಿಟಕಿಯಿಂದ ಹಿಂದೆ ಸರಿಯಗೊಟ್ಟು ಹೋಗುವುದು ಮಾತ್ರ ನಷ್ಟದ ಬಾಬು. ಘಟ್ಟದ ನೆತ್ತಿಯ ಮೇಲಿನ ಈ ಗಡಿ ಅನಾದಿಯದಲ್ಲ. ಅದು ಯಾವಾಗ ಬಂತು, ಅದಕ್ಕೆ ಮೊದಲು ಅಲ್ಲಿ ಏನಿತ್ತು ಎಂಬುದನ್ನು ದಾರಿಯ ಊರುಗಳೇ ಹೇಳುತ್ತವೆ.

ಸವದತ್ತಿಯಲ್ಲಿ ಹೆಚ್ಚು ಹೊತ್ತು ನಿಲ್ಲುವ ಪ್ರಮೇಯವಿಲ್ಲ. ಸುಗಂಧವರ್ತಿಯೆಂದು ಶಾಸನಗಳಲ್ಲಿ ಹೆಸರಾದ ಈ ಊರು ರಟ್ಟರ ಮೊದಲ ರಾಜಧಾನಿ. ಮುಂದೆ ಅವರು ವೇಣುಗ್ರಾಮಕ್ಕೆ, ಎಂದರೆ ಇಂದಿನ ಬೆಳಗಾವಿಗೆ, ಗದ್ದುಗೆಯನ್ನು ಸಾಗಿಸಿದರು. ಆ ವೇಣುಗ್ರಾಮ ಅದಕ್ಕೆ ಮೊದಲು ಗೋವೆಯ ಕದಂಬರ ಕೈಯಲ್ಲಿತ್ತು ಎಂಬಷ್ಟನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಸಾಗಬಹುದು. ಬೈಲಹೊಂಗಲದಲ್ಲಿ ರಾಣಿ ಚೆನ್ನಮ್ಮನ ಸಮಾಧಿಗೆ ಕೈಮುಗಿದು ಕಿತ್ತೂರಿಗೆ ಬಂದವರು, ಕೋಟೆಯನ್ನು ನೋಡಿದ ಮೇಲೆ ನೇರವಾಗಿ ಹೆದ್ದಾರಿ ಹಿಡಿಯುವುದು ರೂಢಿ. ಹಾಗೆ ಮಾಡಬಾರದೆಂದು ನನ್ನ ಬಿನ್ನಹ. ಕಿತ್ತೂರಿನಿಂದ ಆರೇಳು ಕಿಲೋಮೀಟರಿನೊಳಗೆ ದೇಗಾಂವ ಎಂಬ ಹಳ್ಳಿಯಿದೆ. ಗೋವೆಯ ಪ್ರವಾಸ ಆರಂಭವಾಗಬೇಕಾದದ್ದು ಅಲ್ಲಿ.

ದೇಗಾಂವದ ಕಮಲನಾರಾಯಣ ದೇವಾಲಯವನ್ನು ಕಟ್ಟಿಸಿದವಳು ಕಮಲಾದೇವಿ. ಈಕೆ ಗೋವೆಯ ಕದಂಬ ಅರಸು ಶಿವಚಿತ್ತ ಪೆರ್ಮಾಡಿಯ ಪಟ್ಟದ ರಾಣಿ. ದೇವರಿಗೆ ತನ್ನ ಹೆಸರನ್ನು ಕೂಡಿಸಿದಳು. ಊರನ್ನು ಅಗ್ರಹಾರವಾಗಿ ಬಿಟ್ಟಳು. ಶಾಸನದ ಕಾಲ ಕ್ರಿ. ಶ. 1174. ಆದರೆ ಶಾಸನದಲ್ಲಿ ಶಕವರ್ಷವನ್ನು ಹುಡುಕಿದರೆ ಸಿಕ್ಕುವುದಿಲ್ಲ. ಅದು ಕಲಿಯುಗದ 4275ನೆಯ ವರ್ಷವೆಂದು ಎಣಿಸುತ್ತದೆ. ಕಲಿವರ್ಷದಿಂದ ಲೆಕ್ಕವಿಡುವುದು ಈ ಮನೆತನದ ಒಂದು ವೈಶಿಷ್ಟ್ಯ. ಇನ್ನೊಂದು ವಿಶೇಷವೆಂದರೆ ಇಲ್ಲಿಯ ಶಾಸನ ಕನ್ನಡ ಮತ್ತು ನಾಗರಿ ಎರಡೂ ಲಿಪಿಗಳಲ್ಲಿದೆ. ಘಟ್ಟದ ಮೇಲಿನವರೂ ಓದಲಿ, ಕೆಳಗಿನವರೂ ಓದಲಿ ಎಂಬ ಇರಾದೆಯಿತ್ತೋ ಏನೋ! ಸಾಲಾಗಿ ಮೂರು ಗರ್ಭಗುಡಿಗಳು, ಅವುಗಳ ಮುಂದೆ ಕಡೆದ ಕಂಬಗಳ ಉದ್ದವಾದ ಮಂಟಪ. ಕಟ್ಟಿದ ಶಿಲ್ಪಿಯ ಹೆಸರು ತಿಪ್ಪೋಜ. ಹೊಯ್ಸಳರ ಗುಡಿಗಳನ್ನು ನೋಡಲು ನೂರಾರು ಮೈಲಿ ಹೋಗುವ ನಮ್ಮ ಜನ ಮನೆಯ ಬಾಗಿಲಿನಲ್ಲಿರುವ ತಿಪ್ಪೋಜನನ್ನು ನೋಡಿಲ್ಲವೆಂಬುದು ಆಶ್ಚರ್ಯದ ಸಂಗತಿ.

ಗೋವೆಯ ರಾಣಿ ಕಿತ್ತೂರಿನ ಬಳಿ ಗುಡಿ ಕಟ್ಟಿಸಿದ್ದೇಕೆ? ಇದು ಅವಳಿಗೆ ಪರನಾಡಾಗಿರಲಿಲ್ಲ, ಅದಕ್ಕೆ. ಪೆರ್ಮಾಡಿಯ ಕಾಲದ ಶಾಸನಗಳು ಅವನ ನಾಡನ್ನು ಕೊಂಕಣ 900, ಹಲಸಿಗೆ 12000, ವೇಣುಗ್ರಾಮ 70 ಎಂದು ಹೇಳುತ್ತವೆ. ಈ ಅಂಕೆಗಳ ಅರ್ಥದ ಬಗೆಗೆ ಪಂಡಿತರಲ್ಲಿ ಏಕಮತವಿಲ್ಲ. ನಮಗೆ ಬೇಕಾದದ್ದು ಇಷ್ಟೇ: ಕರಾವಳಿಯ ಕೊಂಕಣವೂ ಘಟ್ಟದ ಮೇಲಿನ ಹಲಸಿಗೆಯೂ ಒಬ್ಬನ ಆಳಿಕೆಯಲ್ಲಿ, ಒಂದೇ ಉಸುರಿನಲ್ಲಿ ಎಣಿಕೆಯಾಗುತ್ತಿದ್ದವು. ಘಟ್ಟವೆಂಬುದು ರಾಜ್ಯದ ಅಂಚಾಗಿರದೆ ರಾಜ್ಯದ ನಡುವಿನ ಬೆನ್ನೆಲುಬಾಗಿತ್ತು. ಕೆಳಗೆ ಬಂದರು, ಮೇಲೆ ಹೊಲ. ಬಂದರಿನ ಸುಂಕ ಹೊಲವನ್ನು ಕಾಯುತ್ತಿತ್ತು, ಹೊಲದ ಧಾನ್ಯ ಬಂದರನ್ನು ಸಾಕುತ್ತಿತ್ತು.

ಇದೇ ಮನೆತನದ ಮೂರನೆಯ ಜಯಕೇಶಿಯ ಕಾಲದ ಒಂದು ಶಾಸನ ಕಿತ್ತೂರಿನಲ್ಲಿ ದೊರೆತಿದೆ. ಎರಡು ದೇವಸ್ಥಾನಗಳ ಆಚಾರ್ಯರ ನಡುವೆ ಒಂದು ಹೊಲದ ಸಲುವಾಗಿ ತಂಟೆ ಹುಟ್ಟಿ, ಅದು ಫಾಲದಿವ್ಯದಿಂದ, ಎಂದರೆ ಕಾಯಿಸಿದ ನೇಗಿಲಗುಳದ ಪರೀಕ್ಷೆಯಿಂದ ತೀರ್ಮಾನವಾದ ಸಂಗತಿಯನ್ನು ಅದು ಹೇಳುತ್ತದೆ. ಹೊಲಮನೆಯ ವ್ಯಾಜ್ಯಕ್ಕೆ ನಮ್ಮ ಸೀಮೆಯಲ್ಲಿ ಎಷ್ಟು ಹಳೆಯ ಪರಂಪರೆಯಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಕಿತ್ತೂರಿನಿಂದ ಬೀಡಿಯ ಮಾರ್ಗವಾಗಿ ನಂದಗಡಕ್ಕೆ ಬಂದರೆ, 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಸ್ಥಳದಲ್ಲಿ ಯಾರೂ ನಿಲ್ಲದೆ ಹೋಗುವುದಿಲ್ಲ. ಆದರೆ ಈ ನಂದಗಡ ಒಂದು ಕಾಲಕ್ಕೆ ಗೋವೆಯ ವ್ಯಾಪಾರದ ದೊಡ್ಡ ಪೇಟೆಯೂ ಆಗಿತ್ತು. ಉಪ್ಪು, ತೆಂಗು, ಅಡಿಕೆ, ಕೊಬ್ಬರಿ ಎಣ್ಣೆ ಕೆಳಗಿನಿಂದ ಹೇರುಗಳ ಮೇಲೆ ಬರುತ್ತಿದ್ದವು. ಗೋದಿ ಮೊದಲಾದ ಬಯಲುಸೀಮೆಯ ಮಾಲು ಇಳಿದುಹೋಗುತ್ತಿತ್ತು. 1880ರ ದಶಕದಲ್ಲಿ ರೈಲು ಬಂದ ಮೇಲೆ ಇಂಥ ಪೇಟೆಗಳ ಕಳೆ ಇಳಿಯಿತು. ನಂದಗಡಕ್ಕೆ ಸಮೀಪದಲ್ಲಿರುವ ಹಲಸಿಯೇ ಶಾಸನಗಳ ಹಲಸಿಗೆ. ಇನ್ನೂ ಹಿಂದೆ ಬನವಾಸಿಯ ಕದಂಬರ ಕಾಲದಲ್ಲಿ ಅದು ಪಲಾಶಿಕಾ. ಇಲ್ಲಿಯ ಭೂವರಾಹ ನರಸಿಂಹ ದೇವಾಲಯದಲ್ಲಿ ಎರಡು ಗರ್ಭಗುಡಿಗಳು ಒಂದಕ್ಕೊಂದು ಎದುರುಬದುರಾಗಿವೆ. ನಡುವೆ ನಿಂತವರಿಗೆ ಯಾವ ದೇವರಿಗೆ ಬೆನ್ನುಮಾಡಬೇಕೆಂಬ ಸಂಕೋಚ ಉಂಟಾಗದಿರದು. 1169ರಲ್ಲಿ ಪೆರ್ಮಾಡಿ ಇಲ್ಲಿ ದೇವರನ್ನು ಸ್ಥಾಪಿಸಿದ ಸಂಗತಿ ಶಾಸನಸಿದ್ಧವಾಗಿದೆ.

ಖಾನಾಪುರದಿಂದ ಮುಂದೆ ಎರಡು ದಾರಿಗಳು. ಲೋಂಡಾ, ಅನಮೋಡದ ಮೇಲೆ ಹೋಗುವುದು ಹಳೆಯ ಹೆದ್ದಾರಿ. ಅದರ ಕೆಳಗೆ ಕಾಡಿನ ನಡುವೆ ತಾಂಬ್ಡಿ ಸುರ್ಲಾದ ಮಹಾದೇವನ ಗುಡಿಯಿದೆ. ಕದಂಬರ ಕಾಲದ ಕರಿಕಲ್ಲಿನ ಈ ಚಿಕ್ಕ ಗುಡಿ ಮನುಷ್ಯಸಂಚಾರ ಕಡಿಮೆಯಿದ್ದ ಜಾಗದಲ್ಲಿ ಇದ್ದುದರಿಂದಲೇ ಉಳಿಯಿತೆನ್ನಬೇಕು. ಇನ್ನೊಂದು ದಾರಿ ಜಾಂಬೋಟಿ, ಕಣಕುಂಬಿಯ ಮೇಲೆ ಚೋರ್ಲಾ ಘಟ್ಟಕ್ಕೆ. ಹೊಳೆಯ ಜಾಡು ಹಿಡಿದು ಬಂದವರಿಗೆ ಇದೇ ಒಪ್ಪುವ ದಾರಿ.

ಕಣಕುಂಬಿಗೆ ಬಂದಮೇಲೆ ನೀರಿನ ಮಾತು ಬರದೆ ತಪ್ಪದು. ಮಹದಾಯಿಯ ಉಪಹೊಳೆಗಳಾದ ಕಳಸಾ, ಬಂಡೂರಿಗಳ ನೀರನ್ನು ಮಲಪ್ರಭೆಗೆ ತಿರುಗಿಸಿ ಹುಬ್ಬಳ್ಳಿ-ಧಾರವಾಡ ಮತ್ತು ಸುತ್ತಲಿನ ಊರುಗಳಿಗೆ ಕುಡಿಯುವ ನೀರು ಒದಗಿಸಬೇಕೆಂಬುದು ನಮ್ಮ ಕಡೆಯವರ ಬಹುದಿನದ ಬೇಡಿಕೆ. ಹೊಳೆಯ ನೀರು ತಗ್ಗಿದರೆ ತಮ್ಮ ಕಾಡಿಗೂ ನಾಡಿಗೂ ಕೇಡೆಂಬುದು ಗೋವೆಯವರ ವಾದ. 2010ರಲ್ಲಿ ನ್ಯಾಯಮಂಡಳಿ ನೇಮಕವಾಯಿತು. 2018ರ ಆಗಸ್ಟಿನಲ್ಲಿ ಅದು ಕೊಟ್ಟ ತೀರ್ಪಿನಲ್ಲಿ ಕರ್ನಾಟಕಕ್ಕೆ ಒಟ್ಟು 13.42 ಟಿ. ಎಂ. ಸಿ. ನೀರು ಹಂಚಿಕೆಯಾಯಿತು. ತೀರ್ಪಿನಿಂದ ಎರಡೂ ಕಡೆಯವರಿಗೆ ಸಮಾಧಾನವಾಗದೆ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಯಾರ ಪಾಲು ಎಷ್ಟೆಂದು ಹೇಳುವುದು ಇತಿಹಾಸ ಬರೆಯುವವನ ಕೆಲಸವಲ್ಲ. ಶಾಸನಗಳನ್ನು ತೋರಿಸಿ ಆ ನಾಡೆಲ್ಲ ನಮ್ಮದಾಗಿತ್ತೆಂದು ಎದೆ ತಟ್ಟಿಕೊಳ್ಳುವುದೂ ನನಗೆ ಸೇರದು. ಕದಂಬರ ಶಾಸನಗಳಲ್ಲಿ ಸಂಸ್ಕೃತವಿದೆ, ಕನ್ನಡವಿದೆ; ಅವರ ಪ್ರಜೆಗಳಲ್ಲಿ ಕೊಂಕಣಿಗರಿದ್ದರು, ಅರಬ ವರ್ತಕರಿದ್ದರು. ಮೊದಲನೆಯ ಜಯಕೇಶಿಯ ಕಾಲದ ಹನ್ನೊಂದನೆಯ ಶತಮಾನದ ತಾಮ್ರಪಟದಲ್ಲಿ ಛಡ್ಡಮನೆಂಬ ಅರಬ ವಂಶದ ಅಧಿಕಾರಿ ಕಟ್ಟಿಸಿದ ಮಸೀದಿಗೆ ಹಡಗುಗಳ ಮೇಲಿನ ತೆರಿಗೆಯನ್ನು ಬಿಟ್ಟುಕೊಟ್ಟ ಮಾತು ಬರುತ್ತದೆ. ಇಂಥ ರಾಜ್ಯವನ್ನು ಇವತ್ತಿನ ನಕಾಶೆಯ ಯಾವ ಬಣ್ಣದಿಂದಲೂ ತುಂಬಲಾಗದು.

ಚೋರ್ಲಾದಲ್ಲಿ ಕರ್ನಾಟಕ, ಮಹಾರಾಷ್ಟ್ರ, ಗೋವೆ ಮೂರೂ ಒಂದೆಡೆ ಸೇರುತ್ತವೆ. ಇಲ್ಲಿ ಗಾಡಿ ನಿಲ್ಲಿಸಿ ಕೆಳಗಿನ ಕಣಿವೆಯನ್ನು ನೋಡುವಾಗ ಒಂದು ಸಂಗತಿಯನ್ನು ಗಮನಿಸಬೇಕು. ಪೋರ್ತುಗೀಜರು ಗೋವೆಯನ್ನು ಹಿಡಿದದ್ದು 1510ರಲ್ಲಿಯಾದರೂ ಈ ನೆತ್ತಿಯವರೆಗೆ ಅವರ ಗಡಿ ಬಂದದ್ದು ಸುಮಾರು 270 ವರ್ಷಗಳ ಮೇಲೆ. ಮೊದಲು ಅವರ ಕೈಯಲ್ಲಿದ್ದದ್ದು ತಿಸವಾಡಿ ದ್ವೀಪ, ಬಾರ್ದೇಶ, ಸಾಸಷ್ಟಿ ಮಾತ್ರ, ಹೊಳೆಯೇ ಗಡಿ. ಫೋಂಡಾ ಪ್ರಾಂತ ಸೋಂದೆಯ ಅರಸರದಾಗಿತ್ತು. ಹೈದರಾಲಿ ಸೋಂದೆಯನ್ನು ಹಿಡಿದಾಗ ಅಲ್ಲಿಯ ಅರಸು ಸದಾಶಿವನು ಗೋವೆಗೆ ಓಡಿಹೋಗಿ ಪೋರ್ತುಗೀಜರ ಆಶ್ರಯ ಪಡೆದನು. 1763ರ ಸುಮಾರಿಗೆ ಫೋಂಡಾ ಅವರ ವಶವಾಯಿತು. ಡಿಚೋಲಿ, ಸತ್ತರಿಗಳನ್ನು ಸಾವಂತವಾಡಿಯ ಭೋಸಲೆಯರಿಂದ ಅವರು ಕಿತ್ತುಕೊಂಡದ್ದು 1780ರ ದಶಕದ ಸುಮಾರಿಗೆ. ಅಷ್ಟು ಹೊತ್ತಿಗೆ ಅವರ ಮಹಾನಗರ ಪಾಳುಬಿದ್ದಾಗಿತ್ತು. ಮತಾಂತರದ ಆವೇಶವೂ ತಣ್ಣಗಾಗಿತ್ತು. ಆದಕಾರಣವೇ ಘಟ್ಟವಿಳಿದು ಡಿಚೋಲಿಯ ಸೀಮೆಯನ್ನು ಹೊಕ್ಕರೆ ಮೊದಲು ಕಾಣುವುದು ಗುಡಿ ಮತ್ತು ತುಳಸಿಕಟ್ಟೆ. ಚರ್ಚುಗಳು ಹೆಚ್ಚಾಗುವುದು ಹೊಳೆ ದಾಟಿದ ಮೇಲೆ. ಹಳೆಯ ಗಡಿ ಎಲ್ಲಿತ್ತೆಂದು ತಿಳಿಯಲು ನಕಾಶೆ ಬೇಕಾಗಿಲ್ಲ, ಕಣ್ಣಿದ್ದರೆ ಸಾಕು.

ಡಿಚೋಲಿಯಿಂದ ನಾರ್ವೆಗೆ ಹೋಗಬೇಕು. ಇಲ್ಲಿಯ ಸಪ್ತಕೋಟೀಶ್ವರ ಕದಂಬರ ಮನೆದೇವರು. ಅವರ ಹೊನ್ನಿನ ನಾಣ್ಯಗಳ ಮೇಲೂ ಈ ದೇವರ ಹೆಸರಿದೆ. ಮೊದಲು ಗುಡಿ ಇದ್ದದ್ದು ಹೊಳೆಯಾಚೆಗಿನ ದಿವಾಡಿ ದ್ವೀಪದಲ್ಲಿ. ವಿಜಯನಗರದ ಮಾಧವಮಂತ್ರಿ ಅದನ್ನು ಜೀರ್ಣೋದ್ಧಾರ ಮಾಡಿಸಿದ್ದನು. ಪೋರ್ತುಗೀಜರು ಆ ಗುಡಿಯನ್ನು ಕೆಡವಿದಾಗ ಭಕ್ತರು ಲಿಂಗವನ್ನು ಹೊಳೆ ದಾಟಿಸಿ ಈಚೆಗೆ ತಂದರು. ಈಗಿನ ಗುಡಿ 1668ರಲ್ಲಿ ಶಿವಾಜಿ ಮಹಾರಾಜರು ಕಟ್ಟಿಸಿದ್ದು. ಒಂದೇ ಲಿಂಗದ ಸುತ್ತ ಕದಂಬ, ವಿಜಯನಗರ, ಪೋರ್ತುಗಲ್, ಮರಾಠ ಎಂಬ ನಾಲ್ಕು ಪ್ರಭುತ್ವಗಳ ಕೈ ಬಿದ್ದಿದೆ.

ನಾರ್ವೆಯಿಂದ ದೋಣಿಯಲ್ಲಿ ದಿವಾಡಿಗೆ ದಾಟಿ, ದಿವಾಡಿಯಿಂದ ಮತ್ತೆ ದೋಣಿ ಹತ್ತಿದರೆ ಅದು ಹಳೆಯ ಗೋವೆಯ ದಂಡೆಗೆ, ವೈಸರಾಯರ ಕಮಾನಿನ ಹತ್ತಿರ ಮುಟ್ಟುತ್ತದೆ. ಬಸ್ಸಿನಲ್ಲಿ ಹೋಗಿ ಚರ್ಚಿನ ಹಿಂಭಾಗದಲ್ಲಿ ಇಳಿಯುವುದಕ್ಕಿಂತ ಇದು ಮೇಲು. ಲಿಸ್ಬನ್ನಿನಿಂದ ಬಂದ ಪ್ರತಿಯೊಬ್ಬ ವೈಸರಾಯನೂ ಹೊಳೆಯಿಂದಲೇ ಹತ್ತಿ ಈ ಕಮಾನಿನ ಕೆಳಗೆ ನಗರಪ್ರವೇಶ ಮಾಡುತ್ತಿದ್ದನು. ಕಟ್ಟಿಸಿದವನು ವಾಸ್ಕೋ ಡ ಗಾಮನ ಮರಿಮಗ ಫ್ರಾನ್ಸಿಸ್ಕೋ ಡ ಗಾಮ, ಹದಿನಾರನೆಯ ಶತಮಾನದ ಕೊನೆಯಲ್ಲಿ. ಈಗ ಕಾಣುವುದು 1954ರಲ್ಲಿ ಮತ್ತೆ ಕಟ್ಟಿದ್ದು.

ಈ ನಗರ ಪೋರ್ತುಗೀಜರು ಹುಟ್ಟಿಸಿದ್ದಲ್ಲ. ಅವರು ಬರುವಾಗ ಇದು ಬಿಜಾಪುರದ ಯೂಸುಫ್ ಆದಿಲಖಾನನ ಬಂದರು. 1510ರ ಆರಂಭದಲ್ಲಿ ಅಲ್ಬುಕರ್ಕನು ಬೇರೆಡೆಗೆ ಹೊರಟಿದ್ದಾಗ ಅವನನ್ನು ಗೋವೆಯ ಕಡೆಗೆ ತಿರುಗಿಸಿದವನು ನಮ್ಮ ಹೊನ್ನಾವರದ ತಿಮ್ಮಯ್ಯ, ವಿಜಯನಗರದ ಪಕ್ಷದ ನೌಕಾನಾಯಕ. ಅವನು ಎಣಿಸಿದ್ದು ಬಿಜಾಪುರದವರನ್ನು ಹೊರಹಾಕಿಸುವುದನ್ನು. ಆದದ್ದು ನಾಲ್ಕೂವರೆ ಶತಮಾನದ ಪರಾಧೀನತೆ. ಮೊದಲ ಸಲ ಹಿಡಿದ ನಗರ ಕೆಲವೇ ತಿಂಗಳಲ್ಲಿ ಕೈಬಿಟ್ಟಿತು. ಅದೇ ವರ್ಷ ಯೂಸುಫನು ತೀರಿಕೊಂಡನು. ನವೆಂಬರ್ 25ರಂದು, ಸಂತ ಕ್ಯಾಥರೀನಳ ಹಬ್ಬದ ದಿನ, ಅಲ್ಬುಕರ್ಕ್ ಮತ್ತೆ ಗೋವೆಯನ್ನು ಗೆದ್ದನು. ಈ ತಾರೀಖನ್ನು ನೆನಪಿಡಬೇಕು. ಮುಂದೆ ಅದರ ಕೆಲಸವಿದೆ. ಆ ಸಂತಳ ಹೆಸರಿನ ದೊಡ್ಡ ಚರ್ಚನ್ನು ಕಟ್ಟಲು ತೊಡಗಿದ್ದು 1562ರಲ್ಲಿ. ಅದರ ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಬಿದ್ದುಹೋಯಿತು. ಅಂದಿನಿಂದ ಚರ್ಚು ಒಂಟಿಗೋಪುರದಿಂದಲೇ ನಿಂತಿದೆ. ಎದುರಿಗಿನ ಬೋಂ ಜೆಜೂ ಬಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ದೇಹವಿದೆ. 1605ರಲ್ಲಿ ಪ್ರತಿಷ್ಠಿತವಾದ ಕಟ್ಟಡ. ಎಲ್ಲ ಬಹುಪಾಲು ಜಂಬಿಟ್ಟಿಗೆ ಕಲ್ಲಿನದು. ಆದಿಲಶಾಹಿಯ ಅರಮನೆಯದೆಂದರೆ ಒಂದು ಬಾಗಿಲುವಾಡ ಮಾತ್ರ ಸೇಂಟ್ ಕಜೆತನ ಚರ್ಚಿನ ಬಳಿ ಒಂಟಿಯಾಗಿ ನಿಂತಿದೆ. 1964ರಲ್ಲಿ ಸ್ಥಾಪಿತವಾದ ಪುರಾತತ್ತ್ವ ಇಲಾಖೆಯ ಸಂಗ್ರಹಾಲಯದಲ್ಲಿ ವೈಸರಾಯರ ಚಿತ್ರಗಳೊಂದಿಗೆ ಕದಂಬರ ಕಾಲದ ವೀರಗಲ್ಲುಗಳೂ ಸೇರಿವೆ. ತುರುಗೋಳಿನ ವೀರಗಲ್ಲುಗಳನ್ನೇ ಕಂಡ ನಮ್ಮ ಕಣ್ಣಿಗೆ ಹಡಗುಗಳ ಕಾಳಗವಿರುವ ವೀರಗಲ್ಲು ಹೊಸತೆನಿಸುತ್ತದೆ.

ಇಂಥ ನಗರ ಹಾಳಾದದ್ದು ಹೇಗೆ? ಗೋವೆಯ ಬೊಕ್ಕಸ ತುಂಬುತ್ತಿದ್ದುದರಲ್ಲಿ ಕುದುರೆಯ ವ್ಯಾಪಾರದ ಪಾಲು ದೊಡ್ಡದು. ಅರಬಸ್ತಾನ, ಪಾರಸಗಳ ಕುದುರೆಗಳು ಇಲ್ಲಿ ಇಳಿದು ಘಟ್ಟ ಹತ್ತಿ ವಿಜಯನಗರಕ್ಕೂ ಬಿಜಾಪುರಕ್ಕೂ ಹೋಗುತ್ತಿದ್ದವು. 1565ರಲ್ಲಿ ರಕ್ಕಸಗಿ-ತಂಗಡಗಿಯ ಕಾಳಗದಲ್ಲಿ ವಿಜಯನಗರ ಬಿದ್ದಿತು. ಗೋವೆ ತನ್ನ ಮುಖ್ಯ ಗಿರಾಕಿಯನ್ನು ಕಳೆದುಕೊಂಡಿತು. ಮಲಪ್ರಭೆ ಹೋಗಿ ಸೇರುವ ಕೃಷ್ಣೆಯ ದಂಡೆಯ ಒಂದು ಯುದ್ಧ ಮಾಂಡವಿಯ ದಂಡೆಯ ಅಂಗಡಿಗಳನ್ನು ಮುಚ್ಚಿಸತೊಡಗಿತೆಂದರೆ ಅತಿಶಯೋಕ್ತಿಯಾಗದು. ಮೇಲೆ ಡಚ್ಚರು ಸಮುದ್ರದಲ್ಲಿ ಅಡ್ಡಗಟ್ಟಿದರು. ಸಾಂಕ್ರಾಮಿಕ ರೋಗಗಳು ಮೇಲಿಂದ ಮೇಲೆ ಬಂದವು. ಈ ಇಳಿತವನ್ನು ಇಬ್ಬರು ಫ್ರೆಂಚರು ಕಣ್ಣಾರೆ ಕಂಡು ಬರೆದಿಟ್ಟಿದ್ದಾರೆ. ಪಿರಾರ್ ಎಂಬವನು 1608ರಲ್ಲಿ ಸೆರೆಯಾಳಾಗಿ ಬಂದು, ಇಲ್ಲಿಯ ರಾಜಾಸ್ಪತ್ರೆಯಲ್ಲಿ ರೋಗಿಯಾಗಿ ಮಲಗಿ, ಅದರ ವ್ಯವಸ್ಥೆಯನ್ನು ಬಾಯ್ತುಂಬ ಹೊಗಳಿದನು. ರತ್ನವ್ಯಾಪಾರಿ ತಾವೆರ್ನಿಯೆ 1641ರಲ್ಲಿ ಒಮ್ಮೆ, 1648ರಲ್ಲಿ ಇನ್ನೊಮ್ಮೆ ಬಂದನು. ಮೊದಲ ಸಲ ಸಿರಿವಂತರಾಗಿ ಕಂಡವರೇ ಎರಡನೆಯ ಸಲ ಕತ್ತಲಾದ ಮೇಲೆ ಗುಟ್ಟಾಗಿ ಅವನ ಬಿಡಾರಕ್ಕೆ ಬಂದು ಕೈಯೊಡ್ಡಿದರಂತೆ. ಏಳು ವರ್ಷಗಳ ಅಂತರ! ವೈಸರಾಯರು 1759ರಲ್ಲಿ ಪಣಜಿಗೆ ಹೊರಟುಹೋದರು. 1843ರಲ್ಲಿ ಪಣಜಿ ವಿಧಿವತ್ತಾಗಿ ರಾಜಧಾನಿಯಾಯಿತು. ಸನ್ಯಾಸಿಗಳ ಮಠಗಳನ್ನು 1830ರ ದಶಕದಲ್ಲಿ ಮುಚ್ಚಿದ ಮೇಲೆ ಅಗಸ್ಟೀನಿಯನ್ನರ ಮಹಾಚರ್ಚಿನ ಮಾಡು 1842ರಲ್ಲಿ ಕುಸಿಯಿತು. ಅದರ 46 ಮೀಟರು ಎತ್ತರದ ಗೋಪುರದ ಅರ್ಧ ಈಗಲೂ ನಿಂತಿದೆ. ಕದಂಬರ ಗುಡಿಗಳನ್ನು ಕೆಡವಿ ಎದ್ದ ನಗರಕ್ಕೆ ಕೆಡವುವವರು ಯಾರೂ ಬೇಕಾಗಲಿಲ್ಲ.

ಹಳೆಯ ಗೋವೆಗಿಂತ ಹಳೆಯದೊಂದು ಗೋವೆಯಿದೆ. ಮಾಂಡವಿಯ ದಂಡೆಯ ನಗರ ‘ವೆಲ್ಹಾ ಗೋವಾ’ ಆದರೆ ಜುವಾರಿ ಹೊಳೆಯ ದಂಡೆಯದು ‘ಗೋವಾ ವೆಲ್ಹಾ’. ವೆಲ್ಹಾ ಎಂದರೆ ಪೋರ್ತುಗೀಜಿನಲ್ಲಿ ಹಳೆಯದು. ಪದಗಳು ಹಿಂದುಮುಂದಾದವೆಂದು ಬಸ್ಸು ತಪ್ಪಿ ಹತ್ತುವ ಪ್ರಯಾಣಿಕರು ಬಹಳ. ಈ ಎರಡನೆಯದೇ ಕದಂಬರ ಗೋಪಕಪಟ್ಟಣ. ಇದಕ್ಕೂ ಮೊದಲಿನ ರಾಜಧಾನಿ ಚಂದ್ರಪುರ, ಇಂದಿನ ಚಾಂದರ; ಅಲ್ಲಿ ಫಾದರ್ ಹೇರಾಸರು 1929ರಲ್ಲಿ ಉತ್ಖನನ ನಡೆಸಿದ್ದರು. ಅವರ ಬಳಗದ ಗೋವೆಯ ವಿದ್ವಾಂಸ ಜಾರ್ಜ್ ಮೊರಾಯೆಸರು 1931ರಲ್ಲಿ ಪ್ರಕಟಿಸಿದ ‘ಕದಂಬ ಕುಲ’ ಇಂದಿಗೂ ಈ ವಿಷಯದ ಆಧಾರಗ್ರಂಥ. ಬನವಾಸಿಯ ಮನೆತನದ ಇತಿಹಾಸವನ್ನು ಗೋವೆಯ ಕ್ರೈಸ್ತ ಪಂಡಿತರೊಬ್ಬರು ಬರೆದುಕೊಟ್ಟದ್ದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಇನ್ನು ಭಾಷೆಯ ಸಂಗತಿ. ಪೋರ್ತುಗೀಜರು ಗೋವೆಯ ಕೊಂಕಣಿಯನ್ನು ‘ಕಾನಾರಿಂ’ ಎಂದು ಕರೆದರು. ಕನ್ನಡ ಎಂಬ ಶಬ್ದವೇ ಅವರ ಬಾಯಲ್ಲಿ ಹಾಗಾಯಿತು. ನಮ್ಮ ಕರಾವಳಿಯ ಜಿಲ್ಲೆಗಳು ಕೆನರಾ ಎನಿಸಿಕೊಂಡದ್ದೂ ಇದೇ ಬಗೆಯಲ್ಲಿ. ಥಾಮಸ್ ಸ್ಟೀಫನ್ಸ್ ಎಂಬ ಆಂಗ್ಲ ಪಾದ್ರಿ ಬರೆದು 1640ರಲ್ಲಿ ಅಚ್ಚಾದ ಕೊಂಕಣಿ ವ್ಯಾಕರಣದ ಹೆಸರೂ ಕಾನಾರಿಂ ಭಾಷೆಯ ವ್ಯಾಕರಣವೆಂದೇ. ಗೋವೆಯಲ್ಲಿ ಹಿಂದೆ ಬಳಕೆಯಲ್ಲಿದ್ದ ಒಂದು ಲಿಪಿಯನ್ನು ಗೋಯ್‌ಕಾನಡಿ ಎಂದು ಕರೆಯುತ್ತಾರೆ. ಕನ್ನಡ ಲಿಪಿಯ ಹತ್ತಿರದ ಸಂಬಂಧಿ. ಭಾರತದ ಮೊದಲ ಮುದ್ರಣಯಂತ್ರ ಬಂದದ್ದು 1556ರಲ್ಲಿ, ಇದೇ ಹಳೆಯ ಗೋವೆಗೆ. ಇಷ್ಟೆಲ್ಲ ಮಾಡಿದವರೇ 1684ರಲ್ಲಿ, ಮೂರು ವರ್ಷಗಳೊಳಗಾಗಿ ಜನರೆಲ್ಲ ಕೊಂಕಣಿಯನ್ನು ಬಿಟ್ಟು ಪೋರ್ತುಗೀಜ್ ಆಡಬೇಕೆಂದು ಹುಕುಂ ಹೊರಡಿಸಿದರು. ಮೂರು ವರ್ಷವಲ್ಲ, ಮುನ್ನೂರು ವರ್ಷ ಕಳೆದು ಮೂರು ವರ್ಷವಾಗುವಷ್ಟರಲ್ಲಿ, 1987ರಲ್ಲಿ, ಕೊಂಕಣಿಯೇ ಗೋವೆಯ ರಾಜಭಾಷೆಯಾಯಿತು.

ಹುಕುಮಿನಿಂದ ಆಗದ್ದು ಸಂತೆಯಿಂದ ಆಗುತ್ತದೆ. ಪೋರ್ತುಗೀಜ್ ಭಾಷೆ ನಮ್ಮ ಘಟ್ಟದ ಮೇಲೆ ಯಾರ ಅಪ್ಪಣೆಯೂ ಇಲ್ಲದೆ ಬಂದು ಕುಳಿತಿದೆ. ಬೈಲಹೊಂಗಲದ ಯಾವ ಮನೆಯಲ್ಲಿ ಪಗಾರ ಎಂಬ ಮಾತಿಲ್ಲ? ಚಾವಿ, ಮೇಜು, ಅಲಮಾರು, ಬಾಲ್ದಿ, ಸಾಬೂನು, ಬಟಾಟಿ, ಅನಾನಸು, ತಂಬಾಕು, ಪಾವು, ಲಿಲಾವು, ಪಾದ್ರಿ, ಇವೆಲ್ಲ ಆ ಬಂದರಿನ ದಾರಿಯಿಂದ ಬಂದ ಶಬ್ದಗಳು. ಹೆಸರು ಮಾತ್ರ ನಮ್ಮದಾಗಿದ್ದು ಪದಾರ್ಥ ಅವರದಾದದ್ದು ಇನ್ನೊಂದಿದೆ: ಮೆಣಸಿನಕಾಯಿ. ಅಮೇರಿಕೆಯಿಂದ ಪೋರ್ತುಗೀಜರ ಹಡಗಿನಲ್ಲಿ ಬಂದಿಳಿದ ಈ ಕಾಯಿ ಇಲ್ಲದಿದ್ದಾಗ ರೊಟ್ಟಿಯ ಜೊತೆಗೆ ನಮ್ಮ ಹಿರಿಯರು ಏನು ತಿನ್ನುತ್ತಿದ್ದರೋ! ಕಪ್ಪು ಮೆಣಸನ್ನು ಕೊಳ್ಳಲು ಬಂದವರು ಕೆಂಪು ಮೆಣಸನ್ನು ಕೊಟ್ಟುಹೋದರು.

ಪಣಜಿಯಲ್ಲಿ ಪೋರ್ತುಗೀಜ್ ಹೆಸರಿನ ಓಣಿಗಳು ಈಗಲೂ ಇವೆ. ಫೊಂತೈನ್ಯಾಸ್ ಎಂಬ ಹಳೆಯ ಕೇರಿಯ ನೀಲಿ ಹಳದಿ ಬಣ್ಣದ ಮನೆಗಳು, ಮರದ ಸಜ್ಜಾಗಳು, ಮೂಲೆಯ ಹೆಂಚಿನ ಮೇಲೆ ಬರೆದ ಬೀದಿಯ ಹೆಸರುಗಳು ನೋಡತಕ್ಕವು. ಹೊಳೆಯ ದಂಡೆಯ ಹಳೆಯ ಸಚಿವಾಲಯ ಮೂಲತಃ ಆದಿಲಶಾಹಿಯ ಅರಮನೆ. ಗೋವೆಯ ವಿಧಾನಸಭೆ 2000ದವರೆಗೂ ಅಲ್ಲಿಯೇ ಸೇರುತ್ತಿತ್ತು. ಅದರ ಬದಿಗೆ, ಮಲಗಿದ ಹೆಂಗಸಿನ ಮೇಲೆ ಕೈಚಾಚಿ ನಿಂತ ಒಬ್ಬ ಪಾದ್ರಿಯ ಕಂಚಿನ ಪ್ರತಿಮೆಯಿದೆ. ಇವರು ಅಬೆ ಫಾರಿಯಾ. 1756ರಲ್ಲಿ ಕಾಂದೋಳಿಯಲ್ಲಿ ಹುಟ್ಟಿ, ಪ್ಯಾರಿಸಿಗೆ ಹೋಗಿ, ಮೋಹನಿದ್ರೆಗೆ ಕಾರಣ ಮಾಡುವವನ ಮಂತ್ರಶಕ್ತಿಯಲ್ಲ, ಮಾಡಿಸಿಕೊಳ್ಳುವವನ ಮನಸ್ಸೇ ಎಂದು ತೋರಿಸಿ, ಆ ಕುರಿತ ಗ್ರಂಥವನ್ನು ಫ್ರೆಂಚಿನಲ್ಲಿ ಬರೆದು 1819ರಲ್ಲಿ ಅಲ್ಲಿಯೇ ತೀರಿಕೊಂಡರು. ಅಲೆಕ್ಸಾಂಡರ್ ದ್ಯೂಮಾನ ಕಾದಂಬರಿಯಲ್ಲಿ ಸೆರೆಮನೆಯ ಮುದುಕನಿಗೆ ಇವರದೇ ಹೆಸರು.

ಆಳುವವರ ಭಾಷೆಯನ್ನು ಕಲಿತವರೇ ಆಳುವವರ ವಿರುದ್ಧ ಅದನ್ನು ಬಳಸಿದರು. ಚಾಂದರದ ಲುಯೀಸ್ ದ ಮೆನೆಜೆಸ್ ಬ್ರಗಾಂಸಾ ಪೋರ್ತುಗೀಜಿನಲ್ಲಿಯೇ ಪತ್ರಿಕೆ ನಡೆಸಿ ಪೋರ್ತುಗೀಜ್ ಆಳಿಕೆಯನ್ನು ಖಂಡಿಸಿದರು. ಪಾಂಡಿಚೇರಿಯಲ್ಲಿ ಓದಿ ಪ್ಯಾರಿಸಿಗೆ ಹೋಗಿ ಬಂದ ತ್ರಿಸ್ತಾಂವ ಬ್ರಗಾಂಸಾ ಕುನ್ಹಾ 1928ರಲ್ಲಿ ಗೋವಾ ಕಾಂಗ್ರೆಸ್ಸನ್ನು ಕಟ್ಟಿದರು; ಮುಂದೆ ಎಂಟು ವರ್ಷಗಳ ಶಿಕ್ಷೆಗೆ ಗುರಿಯಾಗಿ ಪೋರ್ತುಗಲ್ಲಿನ ಸೆರೆಮನೆಗೆ ಹೋದರು. 1946ರ ಜೂನ್ 18ರಂದು ಮಡಗಾಂವದಲ್ಲಿ ರಾಮಮನೋಹರ ಲೋಹಿಯಾ ನಿಷೇಧವನ್ನು ಮುರಿದ ದಿನ ಪಣಜಿಯ ಒಂದು ಪೇಟೆಬೀದಿಯ ಹೆಸರಾಗಿದೆ. 1955ರ ಆಗಸ್ಟ್ 15ರಂದು ಗಡಿ ದಾಟಿದ ನಿಶ್ಶಸ್ತ್ರ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿ ಇಪ್ಪತ್ತಕ್ಕೂ ಹೆಚ್ಚು ಜನ ಮಡಿದರು. ಆಮೇಲೆ ಗಡಿ ಮುಚ್ಚಿತು; ರೈಲು ನಿಂತಿತು. ಹೇರೆತ್ತುಗಳ ಕಾಲದಿಂದ ತೆರೆದೇ ಇದ್ದ ಘಟ್ಟಗಳಿಗೆ ಬೀಗ ಬಿದ್ದಿತು.

ಮುಚ್ಚಿದ ಗಡಿಯನ್ನು ದಾಟಿದ್ದು ರೇಡಿಯೋ. ಅದೇ ವರ್ಷ ನವೆಂಬರ್ 25ರಂದು, ಎಂದರೆ ಅಲ್ಬುಕರ್ಕ್ ಗೋವೆಯನ್ನು ಗೆದ್ದ ತಾರೀಖಿನಂದೇ, ವಾಮನ ಸರದೇಸಾಯಿ, ಲಿಬಿಯಾ ಲೋಬೊ ಮತ್ತು ಅವರ ಸಂಗಡಿಗರು ‘ಸ್ವಾತಂತ್ರ್ಯದ ಧ್ವನಿ’ ಎಂಬ ಗುಪ್ತ ಪ್ರಸಾರವನ್ನು ಆರಂಭಿಸಿದರು. ಮೊದಲು ಅಂಬೋಲಿ ಘಟ್ಟದ ಕಾಡಿನಿಂದ, ಬಳಿಕ ಉತ್ತರ ಕನ್ನಡದ ಕ್ಯಾಸಲ್‌ರಾಕಿನ ಕಾಡಿನಿಂದ ಪೋರ್ತುಗೀಜ್ ಮತ್ತು ಕೊಂಕಣಿ ಎರಡರಲ್ಲೂ ಮಾತು ಹೊರಡುತ್ತಿತ್ತು. ಕಾಡಿನಲ್ಲಿ ಅಡಗಿ ಆರು ವರ್ಷ ಇದನ್ನು ನಡೆಸಿದರು. ಕೊಂಕಣಿ ಹಳ್ಳಿಯವರಿಗಾಗಿ, ಪೋರ್ತುಗೀಜ್ ಕಚೇರಿಯವರಿಗಾಗಿ, ಮತ್ತು ಲಿಸ್ಬನ್ನಿನ ಸುದ್ದಿಯನ್ನೇ ನಿಜವೆಂದು ನಂಬಿದ್ದ ಸಿಪಾಯಿಗಳಿಗಾಗಿ.

1961ರ ಡಿಸೆಂಬರ್ 18ರ ನಸುಕಿನಲ್ಲಿ ಭಾರತದ ಸೇನೆ ಒಳಹೊಕ್ಕಿತು. ಒಂದು ಬ್ರಿಗೇಡು ಅನಮೋಡದ ದಾರಿಯಿಂದಲೇ ಇಳಿಯಿತು. ಮರುದಿನ ಸಂಜೆ ಗವರ್ನರ್ ಜನರಲ್ ವಸ್ಸಾಲೊ ಎ ಸಿಲ್ವಾ ಶರಣಾಗತಿಯ ಪತ್ರಕ್ಕೆ ರುಜು ಹಾಕಿದನು. ಕಾಡಿನಿಂದ ಹೊರಗೆ ಬಂದ ವಾಮನ ಮತ್ತು ಲಿಬಿಯಾ ವಾಯುಪಡೆಯ ವಿಮಾನ ಹತ್ತಿದರು. ಅದಕ್ಕೆ ಧ್ವನಿವರ್ಧಕ ಕಟ್ಟಿದ್ದರು. ಪಣಜಿಯ ಮೇಲೆ, ಮಾಂಡವಿಯ ಮೇಲೆ ಹಾರಾಡುತ್ತ, ಚೀಟಿಗಳನ್ನು ಉದುರಿಸುತ್ತ, ಗೋವೆ ಬಿಡುಗಡೆಯಾಯಿತೆಂದು ಅವರು ಪೋರ್ತುಗೀಜಿನಲ್ಲಿ ಒಮ್ಮೆ, ಕೊಂಕಣಿಯಲ್ಲಿ ಒಮ್ಮೆ ಕೂಗಿ ಹೇಳಿದರು.